ಆ ಹುಡುಗ ಬರೆದ ಸಮೀಕರಣ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ – ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿಯೇ ನನ್ನ ಸೇವಾವಧಿ ಕಳೆಯಿತು. ರಾಸಾಯನಿಕ ಸಮೀಕರಣವನ್ನು ಸರಿದೂಗಿಸುವ ಪಾಠವನ್ನು ನಾನು ತಂಬಾಕಿನ ಬ್ಯಾರನ್ನಿನಿಂದ ಆರಂಭಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. “ಒಂದು ಗಾಡಿ ಸೌದೆ ಉರಿದು ಒಂದು ಮಂಕರಿ ಬೂದಿ ಉಳಿಯಿತು. ಮಿಕ್ಕ ತೂಕ ಎಲ್ಲಿಗೆ ಹೋಯಿತು?” ಎಂದು ಕೇಳುತ್ತಿದ್ದೆ. ಅದು ಹೊಗೆಯಾಗಿ, ಕಣ್ಣಿಗೆ ಕಾಣದ ಅನಿಲವಾಗಿ ಹೋಯಿತೇ ಹೊರತು ನಾಶವಾಗಲಿಲ್ಲ. ಫ್ರಾನ್ಸಿನ ಲವೋಸಿಯೇ 1789ರ ತನ್ನ ಗ್ರಂಥದಲ್ಲಿ ಸಾರಿದ ತತ್ತ್ವವೂ ಇದೇ: ಕ್ರಿಯೆಗೆ ಮೊದಲಿದ್ದ ದ್ರವ್ಯವೆಲ್ಲ ಅನಂತರವೂ ಇರುತ್ತದೆ. ಆದ್ದರಿಂದಲೇ ಬಾಣದ ಗುರುತಿನ ಎಡಕ್ಕೆ ಎಷ್ಟು ಪರಮಾಣುಗಳೋ ಬಲಕ್ಕೂ ಅಷ್ಟೇ ಇರಬೇಕು.

ಒಂದು ಶಾಲೆಯಲ್ಲಿ ನೀರಿನ ಸಮೀಕರಣ ಬರೆಯಲು ಹುಡುಗನೊಬ್ಬನನ್ನು ಕರಿಹಲಗೆಗೆ ಕರೆದೆ. ಅವನು ಬರೆದದ್ದು: ಎಚ್₂ + ಓ → ಎಚ್₂ಓ.

“ಎಣಿಸಿ ನೋಡಿ ಸಾರ್, ಎರಡು ಕಡೀಕೂ ಸಮ ಐತೆ” ಎಂದ.

“ಆಮ್ಲಜನಕ ಒಂಟಿಯಾಗಿರುವುದಿಲ್ಲ, ಜೋಡಿಯಾಗಿರುತ್ತದೆ. ಪುಸ್ತಕ ನೋಡು” ಎಂದೆ.

“ಜೋಡಿ ಅಂತ ಹೆಂಗೆ ಗೊತ್ತಾಯ್ತು ಸಾರ್?”

ನನಗೆ ಉತ್ತರ ತಿಳಿದಿರಲಿಲ್ಲ. ತಲೆಹರಟೆ ಸಾಕೆಂದು ಗದರಿ ಕೂರಿಸಿದೆ. ಆ ವರ್ಷವಿಡೀ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ ರಸಾಯನಶಾಸ್ತ್ರದ ಚರಿತ್ರೆಯನ್ನು ಓದುವಾಗ ಆ ಪ್ರಶ್ನೆ ನನ್ನನ್ನು ಮತ್ತೆ ಎದುರುಗೊಂಡಿತು. 1808ರಲ್ಲಿ ಪರಮಾಣುವಾದದ ಗ್ರಂಥವನ್ನು ಪ್ರಕಟಿಸಿದ ಜಾನ್ ಡಾಲ್ಟನ್ನನೂ ಆಮ್ಲಜನಕವನ್ನು ಒಂಟಿ ಪರಮಾಣುವೆಂದೇ ಬಗೆದಿದ್ದ. ಒಂದು ಜಲಜನಕ, ಒಂದು ಆಮ್ಲಜನಕ ಸೇರಿ ನೀರು ಎಂಬುದು ಅವನ ಲೆಕ್ಕ. ಒಂದೇ ಬಗೆಯ ಎರಡು ಪರಮಾಣುಗಳು ಕೂಡಿಕೊಂಡಿರುವುದನ್ನು ಅವನು ಒಪ್ಪಲಿಲ್ಲ.

ಅದೇ ಕಾಲಕ್ಕೆ ಗೇ-ಲ್ಯುಸಾಕ್ ಅನಿಲಗಳನ್ನು ಅಳೆದು ನೋಡಿದ. ಎರಡು ಲೀಟರು ಜಲಜನಕ, ಒಂದು ಲೀಟರು ಆಮ್ಲಜನಕ ಕೂಡಿದರೆ ಅದೇ ಉಷ್ಣತೆ, ಅದೇ ಒತ್ತಡದಲ್ಲಿ ಎರಡು ಲೀಟರು ನೀರಿನ ಹಬೆ ಬರುತ್ತದೆ. 1811ರಲ್ಲಿ ಇಟಲಿಯ ಅವೊಗಾಡ್ರೊ ಇದರ ಒಳಗುಟ್ಟನ್ನು ಬಿಡಿಸಿದ. ಸಮಗಾತ್ರದ ಅನಿಲಗಳಲ್ಲಿ ಕಣಗಳ ಸಂಖ್ಯೆಯೂ ಸಮವೆನ್ನಿ. ಆಗ ಆಮ್ಲಜನಕದ ಪ್ರತಿಯೊಂದು ಕಣವೂ ನೀರಿನ ಎರಡು ಕಣಗಳಿಗೆ ಹಂಚಿಹೋಗಬೇಕು. ಹಂಚಿಹೋಗಬೇಕಾದರೆ ಅದು ಮೊದಲೇ ಜೋಡಿಯಾಗಿರಬೇಕು! ಈ ಮಾತಿಗೆ ವಿದ್ವಾಂಸರು ಕಿವಿಗೊಡಲಿಲ್ಲ. 1860ರ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಕ್ಯಾನಿಝಾರೊ ಇದನ್ನು ಸಮರ್ಥಿಸಿದ ಮೇಲೆಯೇ ಗೊಂದಲ ತಿಳಿಯಾಗತೊಡಗಿತು. ನಾವು ಒಂದೇ ಗೆರೆಯಲ್ಲಿ ಬರೆಯುವ 2ಎಚ್₂ + ಓ₂ → 2ಎಚ್₂ಓ ಎಂಬುದರ ಹಿಂದೆ ಸುಮಾರು ಐವತ್ತು ವರ್ಷಗಳ ವಾದವಿದೆ.

ಪರಮಾಣುಗಳನ್ನು ಎಣಿಸಲು ನಾನು ಕಲಿಸಿದೆ; ಎಣಿಕೆಗೆ ಮೊದಲು ಕಣ ಯಾವುದೆಂದು ಅರಿಯಬೇಕೆಂಬುದನ್ನು ಕಲಿಸಲಿಲ್ಲ. ಅಂದಿನ ಆ ಹುಡುಗ ಇದನ್ನು ಓದುತ್ತಿದ್ದರೆ ಒಂದು ಮಾತು: ಅಪ್ಪಾ, ನಿನ್ನ ಎಣಿಕೆ ಸರಿಯಾಗಿಯೇ ಇತ್ತು. ನೀನು ಎಡವಿದ್ದು ಡಾಲ್ಟನ್ ಎಡವಿದ ಕಲ್ಲನ್ನೇ. ನಿನ್ನ ಪ್ರಶ್ನೆಗೆ ಅಂದೇ ಕೊಡಬೇಕಾಗಿದ್ದ ಉತ್ತರವನ್ನು ಇಂದು ಕೊಟ್ಟಿದ್ದೇನೆ.