ಮೊದಲ ಹತ್ತು ದಿನದ ಮೇವು: ಶಿಡ್ಲಘಟ್ಟ ಸೀಮೆಯಲ್ಲಿ ಬಡಕಲು ಕುದುರೆಗಳ ರಕ್ಷಣೆ ಮತ್ತು ಪುನಶ್ಚೇತನ

2012ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು 6.25 ಲಕ್ಷ ಇತ್ತು. 2019ರ ಗಣತಿಯ ಹೊತ್ತಿಗೆ ಅದು 3.4 ಲಕ್ಷಕ್ಕೆ ಇಳಿಯಿತು. ಏಳೇ ವರ್ಷಗಳಲ್ಲಿ ಶೇ 45ಕ್ಕೂ ಮಿಗಿಲಾದ ಈ ಇಳಿಕೆಯನ್ನು ವಾಹನಗಳು ಹೆಚ್ಚಿದ್ದರ ಸಹಜ ಫಲವೆಂದು ವಿವರಿಸುವುದು ವಾಡಿಕೆ. ಆದರೆ ಪ್ರಾಣಿಯ ಕಡೆಯಿಂದ ನೋಡಿದರೆ ಕೆಲಸ ಕೈಬಿಡುವುದಕ್ಕೂ ಉಸಿರು ನಿಲ್ಲುವುದಕ್ಕೂ ನಡುವೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಲವಿರುತ್ತದೆ. ದುಡಿಮೆ ಕಡಿಮೆಯಾದಂತೆ ಹುರುಳಿ ಕಡಿಮೆಯಾಗುತ್ತದೆ, ಆಮೇಲೆ ಹುಲ್ಲು. ಕೊನೆಗೆ ಕುದುರೆಯ ಹಗ್ಗ ಬಿಚ್ಚಿ ರಸ್ತೆಗೆ ಬಿಡುತ್ತಾರೆ. ಈ ಲೇಖನದ ವಿಷಯ ಆ ನಡುವಿನ ಕಾಲದಲ್ಲಿ ಸಿಲುಕಿದ ಕುದುರೆ.

ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರುಗಳ ಮಟ್ಟಿಗೆ ಕುದುರೆ ಎಂದರೆ ಜಟಕಾ ಕುದುರೆ. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಹಾಕಿದ ಕಿರುಹಳಿ ಮುಂದೆ ಶಿಡ್ಲಘಟ್ಟದ ಮೇಲಾಗಿ ಚಿಕ್ಕಬಳ್ಳಾಪುರ ಮುಟ್ಟಿತು. ರೈಲಿನಿಂದ ಇಳಿದವರನ್ನು ಪೇಟೆಗೆ, ಪೇಟೆಯಿಂದ ಹಳ್ಳಿಗೆ, ಹಳ್ಳಿಯಿಂದ ಸಂತೆಗೆ ಒಯ್ದದ್ದು ಜಟಕಾ. 2013ರಲ್ಲಿ ಆ ಹಳಿ ಬ್ರಾಡ್‌ಗೇಜ್ ಆಗಿ ಮತ್ತೆ ತೆರೆದಾಗ ನಿಲ್ದಾಣದ ಹೊರಗೆ ಆಟೊಗಳ ಕಾಲ ಬಂದಾಗಿತ್ತು. ಇಷ್ಟು ಬದಲಾವಣೆಗೆ ಯಾರನ್ನೂ ದೂರಬೇಕಾಗಿಲ್ಲ. ಜಟಕಾದವನ ಮನೆಯ ಒಲೆಯೂ ಅದೇ ಕುದುರೆಯ ದುಡಿಮೆಯಿಂದ ಉರಿಯುತ್ತಿತ್ತು ಎಂಬುದನ್ನು ಮರೆತು ಕುದುರೆಯ ಹಸಿವನ್ನು ಅರ್ಥ ಮಾಡಿಕೊಳ್ಳಲಾಗದು.

ನನ್ನ ವಾದ ಇಷ್ಟು: ತೀರಾ ಸೊರಗಿದ ಕುದುರೆಯ ಉಳಿವು ಅದನ್ನು ಹಿಡಿದು ತಂದ ದಿನದ ಸಾಹಸದಿಂದ ತೀರ್ಮಾನವಾಗುವುದಿಲ್ಲ, ಆಮೇಲಿನ ಹತ್ತು ದಿನದ ಮೇವಿನ ಲೆಕ್ಕದಿಂದ ತೀರ್ಮಾನವಾಗುತ್ತದೆ. ಆ ಲೆಕ್ಕಕ್ಕೆ ಬೇಕಾದ ಮೇವು ಶಿಡ್ಲಘಟ್ಟದ ಹೊಲಗಳಲ್ಲೇ ಬೆಳೆಯಬಲ್ಲದು. ಕೊರತೆ ಇರುವುದು ಕಟ್ಟುವ ಜಾಗದಲ್ಲಿ ಮತ್ತು ಹೊಣೆ ಹೊರುವವರಲ್ಲಿ.

ಬಡಕಲುತನವನ್ನು ಅಳೆಯುವ ಬಗೆ

ಡಾನ್ ಹೆನ್ನೆಕೆ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ದೇಹಸ್ಥಿತಿ ಮಾಪನ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕುತ್ತಿಗೆ, ಹೆಗಲ ಮೇಲಿನ ಉಬ್ಬು, ಭುಜದ ಹಿಂಭಾಗ, ಪಕ್ಕೆಲುಬು, ಸೊಂಟ, ಬಾಲದ ಬುಡ ಎಂಬ ಆರು ಜಾಗಗಳನ್ನು ಕಣ್ಣಿನಿಂದ ನೋಡಿ, ಕೈಯಿಂದ ಒತ್ತಿ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. ಕೈಯಿಟ್ಟು ನೋಡುವುದು ಇಲ್ಲಿ ಮುಖ್ಯ. ಉದ್ದ ಕೂದಲು ಎಲುಬುಗಳನ್ನು ಮುಚ್ಚಿಬಿಡುತ್ತದೆ, ಹುಳುವಿನ ಬಾಧೆಯಿಂದ ಉಬ್ಬಿದ ಹೊಟ್ಟೆ ತಿಂದುಂಡ ಪ್ರಾಣಿಯ ಭ್ರಮೆ ಹುಟ್ಟಿಸುತ್ತದೆ. ಬೆನ್ನುಹುರಿಯ ಮುಳ್ಳುಮೂಳೆಗಳು ಒಂದೊಂದಾಗಿ ಬೆರಳಿಗೆ ಸಿಕ್ಕಿ, ಬಾಲದ ಬುಡದ ಎರಡೂ ಪಕ್ಕ ಗುಳಿಬಿದ್ದಿದ್ದರೆ ಅದು ಒಂದನೆಯ ಅಂಕ. ಅದರ ಕೆಳಗೆ ಅಂಕವಿಲ್ಲ.

ಆದರೆ ಬಡಕಲಾದ ಕುದುರೆಗಳೆಲ್ಲ ಮೇವಿಲ್ಲದೆ ಬಡಕಲಾದವಲ್ಲ. ದವಡೆ ಹಲ್ಲುಗಳ ಅಂಚು ಚೂಪಾಗಿ ಕೆನ್ನೆ, ನಾಲಗೆ ಕೊಯ್ಯುತ್ತಿದ್ದರೆ ಮುಂದೆ ಹುಲ್ಲಿನ ರಾಶಿ ಇದ್ದರೂ ಕುದುರೆ ಅಗಿಯಲಾರದು, ಅರೆಬರೆ ಅಗಿದು ಉಂಡೆ ಮಾಡಿ ಉಗುಳುತ್ತದೆ. ಕುದುರೆನೊಣ ಕಚ್ಚಿ ಹರಡುವ ಸರ್ರಾ ರೋಗ, ಅಂದರೆ ಟ್ರಿಪನೋಸೋಮಾ ಇವಾನ್ಸಿ ಎಂಬ ರಕ್ತಪರಾವಲಂಬಿಯ ಸೋಂಕು, ಬಿಟ್ಟು ಬಿಟ್ಟು ಜ್ವರ ತರಿಸಿ ತಿಂದದ್ದು ಮೈಗೆ ಹತ್ತದಂತೆ ಮಾಡುತ್ತದೆ. ರಕ್ತದ ಲೇಪನವನ್ನು ಸೂಕ್ಷ್ಮದರ್ಶಕದಡಿ ನೋಡಿದರೆ, ಪರಾವಲಂಬಿ ಸಾಕಷ್ಟಿರುವ ಹಂತದಲ್ಲಿ ಅದು ಕಣ್ಣಿಗೆ ಬೀಳುತ್ತದೆ. ಇಂಥ ಪರೀಕ್ಷೆಗಳಿಗೆ ಮೊದಲೇ ಮಾಲೀಕನನ್ನು ಕಟುಕನೆಂದು ಕರೆಯುವುದು ಅನ್ಯಾಯ. ಮೂಗಿನಿಂದ ಗಟ್ಟಿ ಸೋರಿಕೆ, ಚರ್ಮದ ಮೇಲೆ ಸಾಲುಗಟ್ಟಿದ ಗಂಟು ಹುಣ್ಣು ಕಂಡರಂತೂ ಎಲ್ಲರೂ ದೂರ ಸರಿದು ಪಶುವೈದ್ಯರನ್ನು ಕರೆಯಬೇಕು. ಇವು ಗ್ಲಾಂಡರ್ಸ್ ರೋಗದ ಲಕ್ಷಣಗಳಿರಬಹುದು, ಅದು ಮನುಷ್ಯನಿಗೂ ತಗಲುವ ಮಾರಕ ರೋಗ. ಅದರ ರಾಷ್ಟ್ರೀಯ ಮಟ್ಟದ ಪರೀಕ್ಷೆ ಹರಿಯಾಣದ ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತದೆ. ತಂದ ಕುದುರೆಯನ್ನು ಬೇರೆ ಕುದುರೆಗಳ ಜೊತೆ ಮೊದಲ ದಿನವೇ ಕಟ್ಟಬಾರದೆನ್ನುವುದು ಇದೇ ಕಾರಣಕ್ಕೆ.

ಕೊಲ್ಲುವ ಊಟ

ಬಡಕಲು ಕುದುರೆಯನ್ನು ಕಂಡ ಕೂಡಲೇ ಕರುಳಿದ್ದವರು ಮಾಡುವ ಮೊದಲ ಕೆಲಸ ಬೇಯಿಸಿದ ಹುರುಳಿ, ಬೂಸ, ಬೆಲ್ಲ ತಂದು ಬಕೆಟ್ ತುಂಬ ಇಡುವುದು. ಕುದುರೆ ಆಸೆಯಿಂದ ತಿನ್ನುತ್ತದೆ, ಒಂದೆರಡು ದಿನ ಚೇತರಿಸಿದಂತೆಯೂ ಕಾಣುತ್ತದೆ. ಮೂರನೆಯ ದಿನವೋ ಐದನೆಯ ದಿನವೋ ಬಿದ್ದು ಸಾಯುತ್ತದೆ. ‘ಪಾಪ, ತಡವಾಗಿ ತಂದೆವು’ ಎಂದು ಜನ ಮರುಗುತ್ತಾರೆ. ಎಷ್ಟೋ ಸಲ ಸಾವಿಗೆ ಕಾರಣ ತಡವಲ್ಲ, ಆ ಬಕೆಟ್ಟು.

ತಿಂಗಳುಗಟ್ಟಲೆ ಹಸಿದ ದೇಹ ಮೊದಲು ಕೊಬ್ಬನ್ನು, ಬಳಿಕ ಸ್ನಾಯುಗಳನ್ನು ಕರಗಿಸಿ ಬದುಕಿರುತ್ತದೆ. ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂಗಳ ದಾಸ್ತಾನು ಬರಿದಾಗಿರುತ್ತದೆ, ರಕ್ತದಲ್ಲಿ ಮಾತ್ರ ಹೇಗೋ ಸಮತೋಲ ಉಳಿದಿರುತ್ತದೆ. ಆಗ ಒಮ್ಮೆಲೇ ಪಿಷ್ಟ ಹೊಟ್ಟೆಗೆ ಬಿದ್ದರೆ ಗ್ಲೂಕೋಸ್ ಏರಿ ಇನ್ಸುಲಿನ್ ಉಕ್ಕುತ್ತದೆ. ಇನ್ಸುಲಿನ್ ಗ್ಲೂಕೋಸಿನ ಜೊತೆಗೆ ರಕ್ತದಲ್ಲಿ ಉಳಿದಿದ್ದ ಚೂರುಪಾರು ರಂಜಕ, ಮೆಗ್ನೀಸಿಯಂಗಳನ್ನೂ ಜೀವಕೋಶಗಳ ಒಳಗೆ ಎಳೆದುಕೊಳ್ಳುತ್ತದೆ. ಗುಂಡಿಗೆ, ಉಸಿರಾಟದ ಸ್ನಾಯು, ನರ ಎಲ್ಲವೂ ಒಟ್ಟಿಗೆ ಕೈಕೊಡುತ್ತವೆ. ಎರಡನೆಯ ಮಹಾಯುದ್ಧದ ಕೊನೆಗೆ ಸೆರೆಶಿಬಿರಗಳಿಂದ ಬಿಡುಗಡೆಯಾದವರಲ್ಲಿ ಅನೇಕರು ಊಟ ಸಿಕ್ಕ ಮೇಲೆ ಸತ್ತದ್ದನ್ನು ಗಮನಿಸಿದ ವೈದ್ಯರು ಈ ಸ್ಥಿತಿಯನ್ನು ಮನುಷ್ಯರಲ್ಲಿ ವಿವರವಾಗಿ ದಾಖಲಿಸಿದರು. ಕುದುರೆಯ ವಿಷಯದಲ್ಲಿ ದಾರಿ ತೋರಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಕ್ಯಾರೊಲಿನ್ ಸ್ಟಲ್ ಮತ್ತು ಕ್ರಿಸ್ಟೀನ್ ವಿಥಮ್ ಅವರ 1998ರ ಅಧ್ಯಯನ. ಬಹುಕಾಲ ಹಸಿದಿದ್ದ ಕುದುರೆಗಳಿಗೆ ಒಂದೇ ಶಕ್ತಿಮಟ್ಟದ ಮೂರು ಬಗೆಯ ಮೇವನ್ನು ಹತ್ತು ದಿನ ಕೊಟ್ಟು ರಕ್ತ ಪರೀಕ್ಷಿಸಿದಾಗ, ಲೂಸರ್ನ್ ಒಣಹುಲ್ಲು ತಿಂದ ಕುದುರೆಗಳ ಫಲಿತಾಂಶ ಉಳಿದವುಗಳಿಗಿಂತ ಚೆನ್ನಾಗಿತ್ತು. ಲೂಸರ್ನಿನಲ್ಲಿ ಪಿಷ್ಟ ಕಡಿಮೆ, ಪ್ರೋಟೀನ್ ಹೆಚ್ಚು, ಬೇಕಾದ ರಂಜಕ ಮತ್ತು ಮೆಗ್ನೀಸಿಯಂ ಮೇವಿನಲ್ಲೇ ಇರುತ್ತದೆ.

ನಮ್ಮ ರೈತರು ಕುದುರೆ ಮಸಾಲೆ ಸೊಪ್ಪು ಎಂದು ಕರೆಯುವುದು ಇದೇ ಲೂಸರ್ನನ್ನು. ಹಾಲು ಕರೆಯುವ ಹಸುಗಳಿಗಾಗಿ ನೀರಾವರಿ ಇದ್ದಲ್ಲಿ ಬೆಳೆಯುವ ಮೇವು. ಡೇವಿಸ್ ಕೇಂದ್ರದ ಸಲಹೆ ನಾಲ್ಕೈದು ಕ್ವಿಂಟಲ್ ತೂಗುವ ಅಲ್ಲಿನ ಕುದುರೆಗಳಿಗೆ, ಒಣಹುಲ್ಲಿನ ಲೆಕ್ಕದಲ್ಲಿದೆ. ನಮ್ಮ ತಟ್ಟುಗಳಿಗೂ ಹಸಿ ಸೊಪ್ಪಿಗೂ ಅದನ್ನು ಹೊಂದಿಸಿಕೊಳ್ಳಬೇಕು. ತೂಕದ ಯಂತ್ರ ಇಲ್ಲದಲ್ಲಿ ಅಳತೆ ಟೇಪು ಸಾಕು: ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಸರಿಸುಮಾರು ಕಿಲೋ ಲೆಕ್ಕ ಸಿಗುತ್ತದೆ. ಸುತ್ತಳತೆ 135, ಉದ್ದ 130 ಇದ್ದರೆ ತೂಕ ಹೆಚ್ಚುಕಡಿಮೆ 200 ಕಿಲೋ. ಇಂಥ ಕುದುರೆಗೆ ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಸುಮಾರು 200 ಗ್ರಾಂ ಒಣ ಲೂಸರ್ನ್ ಸಾಕು. ಹಸಿ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುವುದರಿಂದ ಅದು ಒಂದು ಸಲಕ್ಕೆ ಕಿಲೋಗಿಂತ ತುಸು ಕಡಿಮೆ, ದಿನಕ್ಕೆ ಐದಾರು ಕಿಲೋ ಆಗುತ್ತದೆ. ಕೊಯ್ದು ಕೊಂಚ ಬಾಡಿಸಿದ ಸೊಪ್ಪು ಮೇಲು. ನಾಲ್ಕನೆಯ ದಿನದಿಂದ ಮೆಲ್ಲಗೆ ಏರಿಸುತ್ತ ಹೋಗಿ, ಹತ್ತು ದಿನ ಕಳೆದ ಮೇಲೆ ಮೇವನ್ನು ಬೇಕಾದಷ್ಟು ಬಿಡಬಹುದು. ಹುರುಳಿ, ಬೂಸ, ಬೆಲ್ಲ ಅಲ್ಲಿಯವರೆಗೆ ಕಣ್ಣಿಗೂ ಬೀಳಬಾರದು. ನಡುರಾತ್ರಿ ಎರಡಕ್ಕೆ, ಬೆಳಗಿನ ಆರಕ್ಕೆ ಎದ್ದು ಒಂದು ಹಿಡಿಕೆ ಸೊಪ್ಪು ಹಾಕುವವರು ಯಾರು ಎಂಬುದನ್ನು ಕುದುರೆ ತರುವ ಮುಂಚೆ ಗೊತ್ತು ಮಾಡಿಕೊಂಡಿರಬೇಕು.

ಈ ಸೀಮೆಯಲ್ಲಿ ಸುಲಭವಾಗಿ ಕೈಗೆ ಸಿಗುವ ಇನ್ನೆರಡು ಮೇವುಗಳ ಬಗ್ಗೆ ಎಚ್ಚರ ಬೇಕು. ರಾಗಿ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಪ್ರೋಟೀನಿನಲ್ಲಿ ತೀರಾ ಬಡವು. ಹತ್ತು ದಿನದ ನಂತರ ಜೊತೆಗಿರಬಹುದೇ ಹೊರತು ಮೊದಲಿಗೆ ಅದನ್ನೇ ನೆಚ್ಚುವಂತಿಲ್ಲ. ಹಿಪ್ಪುನೇರಳೆ ಸೊಪ್ಪು ಪ್ರೋಟೀನ್ ತುಂಬಿದ ಒಳ್ಳೆಯ ಮೇವೇ. ಆದರೆ ರೇಷ್ಮೆ ಹುಳು ಸಾಕುವ ಮನೆಯಿಂದ ಹೊರಬೀಳುವ ಕಡ್ಡಿ ಸೊಪ್ಪಿಗೆ ಸುಣ್ಣವೂ ‘ವಿಜೇತ’ದಂಥ ಸೋಂಕುನಿವಾರಕ ಪುಡಿಯೂ ಅಂಟಿರುತ್ತವೆ. ಔಷಧಿ ಹೊಡೆಯದ ತೋಟದಿಂದ ನೇರವಾಗಿ ಕೊಯ್ದು ತಂದದ್ದಾದರೆ ಮಾತ್ರ, ಅದೂ ಚೇತರಿಕೆಯ ನಂತರದ ತಿಂಗಳುಗಳಲ್ಲಿ ಕೊಡಬಹುದು.

ಕುದುರೆಗೆ ತಪ್ಪು ಊಟ ಹಾಕಿ ಕಳೆದುಕೊಳ್ಳುವುದು ದಕ್ಷಿಣದ ನಾಡಿಗೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ, ಅಲ್ಲಿನ ಅರಸರು ವರ್ಷವರ್ಷವೂ ಸಾವಿರಾರು ಕುದುರೆ ಕೊಂಡರೂ ವರ್ಷದ ಕೊನೆಗೆ ಕೆಲವೇ ಉಳಿಯುತ್ತಿದ್ದವೆಂದೂ, ಲಾಳ ಕಟ್ಟಬಲ್ಲವರು, ಆರೈಕೆ ಬಲ್ಲವರು ಇಲ್ಲದ್ದು ಕಾರಣವೆಂದೂ, ಬೇಯಿಸಿದ ಅನ್ನ ಮಾಂಸ ತಿನ್ನಿಸುತ್ತಿದ್ದರೆಂದೂ ಬರೆದ. ಕನ್ನಡಕ್ಕೆ ಈ ವಿದ್ಯೆ ಅಪರಿಚಿತವೂ ಅಲ್ಲ. ಕೀರ್ತಿವರ್ಮನ ‘ಗೋವೈದ್ಯ’ ಹನ್ನೆರಡನೆಯ ಶತಮಾನದ್ದು, ಅಭಿನವಚಂದ್ರ ಕುದುರೆಗೇ ಮೀಸಲಾಗಿ ‘ಅಶ್ವವೈದ್ಯ’ ಬರೆದ. ಆ ಕೃತಿಗಳನ್ನು ಭಾಷೆಯ ಇತಿಹಾಸದಲ್ಲಿ ಒಂದು ಸಾಲಿನಲ್ಲಿ ಮುಗಿಸುವ ಬದಲು ಪಶುವೈದ್ಯರ ಜೊತೆ ಕೂತು ಓದುವ ಕೆಲಸ ಆಗಬೇಕಿದೆ.

ಮೇವಿನ ಆಚೆಗೆ ಗಾಯ, ಗೊರಸು, ಹಲ್ಲು ಇವೆ. ಧನುರ್ವಾಯು ಕುದುರೆಯನ್ನು ಹಿಡಿಯುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗಳನ್ನು ಹಿಡಿಯುವುದಿಲ್ಲ, ಆದ್ದರಿಂದ ಗಾಯವಿದ್ದರೆ ಚುಚ್ಚುಮದ್ದು ತಡೆಯುವಂತಿಲ್ಲ. ಜಂತುಹುಳುವಿನ ಔಷಧಿ, ಹಲ್ಲಿಗೆ ಅರ ಹಾಕುವುದು, ಗೊರಸು ಕೆತ್ತುವುದು ಕುದುರೆ ನಿಂತು ತಿನ್ನುವಷ್ಟು ಗಟ್ಟಿಯಾದ ಮೇಲೆ. ದೇಹತೂಕದ ಅರ್ಧದಷ್ಟು ಕಳೆದುಕೊಂಡು, ಮೂರು ದಿನವಾದರೂ ಏಳಲಾರದೆ ಮಲಗಿದ ಕುದುರೆ ಉಳಿಯುವ ಆಸೆ ತೀರಾ ಕಡಿಮೆ. ಅಂಥದ್ದಕ್ಕೆ ನೋವಿಲ್ಲದ ಕೊನೆ ಕೊಡಿಸುವ ತೀರ್ಮಾನವೂ ರಕ್ಷಣೆಯೇ.

ಕಾನೂನಿನ ಕೈ ಎಷ್ಟು ಉದ್ದ

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದೂ, ಹಸಿದು ನರಳುವಂತೆ ಬೀದಿಗೆ ಬಿಡುವುದೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10ರಿಂದ 50 ರೂಪಾಯಿ. ಕುದುರೆಯ ಒಂದು ದಿನದ ಮೇವಿಗೂ ಈ ಹಣ ಸಾಲದು. ಇದಕ್ಕಿಂತ ದೊಡ್ಡ ತೊಡಕು 31ನೆಯ ಕಲಮಿನಲ್ಲಿದೆ. ಪೊಲೀಸರು ತಾವಾಗಿ ಕೈಗೆತ್ತಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ಅಂಗಚ್ಛೇದ, ಕ್ರೂರ ಹತ್ಯೆಯಂಥವು ಇವೆ, ಹಸಿವು ಇಲ್ಲ. ಉಪವಾಸ ಕೆಡವಿದ ದೂರು ಕೊಟ್ಟರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಠಾಣೆ ತನಿಖೆಗೆ ಇಳಿಯುವಂತಿಲ್ಲ. ದಿನಗಳ ಲೆಕ್ಕದಲ್ಲಿ ಸಾಯುವ ಪ್ರಾಣಿಗೆ ಈ ಕ್ರಮ ಒಗ್ಗುವಂಥದ್ದಲ್ಲ. 34ನೆಯ ಕಲಮು ಸ್ವಲ್ಪ ದಾರಿ ಬಿಟ್ಟಿದೆ: ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿ ಪ್ರಾಣಿಯನ್ನು ವಶಕ್ಕೆ ಪಡೆದು ಪರೀಕ್ಷೆಗೆ ಒಪ್ಪಿಸಬಹುದು. 2022ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ತಿದ್ದುಪಡಿಯ ಕರಡು ಪ್ರಕಟಿಸಿ ದಂಡ ಏರಿಸುವ ಮಾತಾಡಿತು. ನನ್ನ ಅಭಿಪ್ರಾಯದಲ್ಲಿ ದಂಡದ ಮೊತ್ತಕ್ಕಿಂತ ಮೊದಲು ಬದಲಾಗಬೇಕಾದದ್ದು 31ನೆಯ ಕಲಮು.

ವಶಪಡಿಸಿಕೊಂಡ ಕುದುರೆಯನ್ನು ಕಟ್ಟುವುದೆಲ್ಲಿ? ಜಿಲ್ಲೆಗೊಂದು ಪ್ರಾಣಿ ದಯಾ ಸಂಘ ಇರಬೇಕೆಂದು 2001ರ ನಿಯಮ ಹೇಳುತ್ತದೆ. ಆದರೂ ಕೈಗೆಟುಕುವುದು ಬಹುಮಟ್ಟಿಗೆ ಗೋಶಾಲೆ. ಗೋಶಾಲೆಯವರ ಮನಸ್ಸು ದೊಡ್ಡದೇ, ಆದರೆ ಅಲ್ಲಿನ ಮೇವು ಮೆಲುಕು ಹಾಕುವ ಪ್ರಾಣಿಯದು. ಕೆಲವು ದನದ ಹಿಂಡಿಗಳಲ್ಲಿ ಬೆರೆಸುವ ಮೊನೆನ್ಸಿನ್ ಹಸುವಿಗೆ ಒಗ್ಗುತ್ತದೆ. ಕುದುರೆಗೆ ಮೈತೂಕದ ಕಿಲೋಗೆ ಎರಡು ಮೂರು ಮಿಲಿಗ್ರಾಂ ಆದರೂ ಗುಂಡಿಗೆಯ ಸ್ನಾಯು ಕೊಳೆತು ಸಾಯಬಹುದು. ಗೋಶಾಲೆಯ ಒಂದು ಮೂಲೆಯಲ್ಲಿ ಕುದುರೆಗೆಂದೇ ಬೇರೆ ಗೋದಲಿ, ಬೇರೆ ಬಕೆಟ್, ಹಿಂಡಿ ಹಾಕಬಾರದೆಂದು ದೊಡ್ಡಕ್ಷರದ ಫಲಕ ಇಟ್ಟರೆ ಖರ್ಚು ಏನೂ ಇಲ್ಲ. ಬೆಂಗಳೂರಿನಲ್ಲಿ 1991ರಿಂದ ಪ್ರಾಣಿ ರಕ್ಷಣೆಯ ಕೆಲಸ ಮಾಡುತ್ತಿರುವ ಕ್ಯೂಪಾ ಸಂಸ್ಥೆ, 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಶಿಡ್ಲಘಟ್ಟಕ್ಕೆ ಸುಮಾರು 60 ಕಿಲೋಮೀಟರ್ ಆಸುಪಾಸಿನಲ್ಲಿವೆ. ಆದರೆ ನಿಲ್ಲಲಾರದ ಕುದುರೆಯನ್ನು ಲಾರಿಯಲ್ಲಿ ಅಷ್ಟು ದೂರ ಸಾಗಿಸುವುದೇ ಅದರ ಪ್ರಾಣಕ್ಕೆ ಎರವಾದೀತು. 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕುದುರೆ ಇರುವಲ್ಲಿಗೇ ತರಿಸಿ, ಹತ್ತು ದಿನ ಅಲ್ಲೇ ನೋಡಿಕೊಂಡು, ಆಮೇಲೆ ಸಾಗಿಸುವುದು ವಿವೇಕ.

ಮಾಲೀಕನನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಹೊಡೆದು ಗಾಯ ಮಾಡಿದವನ ಕೈಗೆ ಕುದುರೆ ಮರಳಬಾರದು. ಮತ್ತೆ ತಪ್ಪೆಸಗುವ ಸಂಭವವಿದ್ದರೆ ಶಿಕ್ಷೆಗೊಳಗಾದವನ ಒಡೆತನವನ್ನು ಕಿತ್ತುಕೊಳ್ಳಲು 29ನೆಯ ಕಲಮು ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ. ಬಾಡಿಗೆ ಇಲ್ಲದೆ ಸೋತು ತಾನೂ ಅರೆಹೊಟ್ಟೆ ಉಂಡವನ ವಿಚಾರ ಬೇರೆ. ಕುದುರೆಯ ಸ್ವಭಾವ, ಹೆದರಿಕೆ, ಯಾವ ಕಾಲು ಎತ್ತಿದರೆ ಒದೆಯುತ್ತದೆ ಎಂಬುದೆಲ್ಲ ಅವನಿಗೆ ಗೊತ್ತು. ರಾತ್ರಿ ಎರಡರ ಸೊಪ್ಪಿಗೆ ಅವನಿಗಿಂತ ತಕ್ಕವರು ಸಿಗುವುದು ಕಷ್ಟ. ಕೂಲಿ ಕೊಟ್ಟು ಅವನನ್ನೇ ಆರೈಕೆಗೆ ನೇಮಿಸಿಕೊಳ್ಳಬೇಕೆಂಬುದು ನನ್ನ ಸಲಹೆ.

ಒಂದನೆಯ ಅಂಕದ ಕುದುರೆ ಸಾಮಾನ್ಯ ಮೈಕಟ್ಟಿಗೆ ಬರಲು ಆರರಿಂದ ಹತ್ತು ತಿಂಗಳು ಹಿಡಿಯುತ್ತದೆ. ಅಷ್ಟು ಕಾಲ ಗಾಡಿಗೆ ಹೂಡುವಂತಿಲ್ಲ. ಮೆರವಣಿಗೆಗೂ ಕೊಡುವಂತಿಲ್ಲ, ಪಟಾಕಿ, ಬ್ಯಾಂಡಿನ ನಡುವೆ ಗಂಟೆಗಟ್ಟಲೆ ನಿಲ್ಲುವುದೂ ದುಡಿಮೆಯೇ. ಆನಂತರ ಗಾಡಿಗೆ ಹೂಡುವುದಾದರೆ ಗಾಡಿ ಎಳೆಯುವ ಪ್ರಾಣಿಗಳ ಕುರಿತ 1965ರ ನಿಯಮಗಳನ್ನು ಬರವಣಿಗೆಯಲ್ಲಿ ಒಪ್ಪಿಸಿಕೊಂಡೇ ಕುದುರೆ ಬಿಟ್ಟುಕೊಡಬೇಕು: ಗಾಡಿ ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ವರಿಗಿಂತ ಹೆಚ್ಚು ಜನ ಕೂರುವಂತಿಲ್ಲ, ದಿನಕ್ಕೆ ಒಂಬತ್ತು ಗಂಟೆ ಮೀರುವಂತಿಲ್ಲ, ಐದು ಗಂಟೆಗೊಮ್ಮೆ ವಿರಾಮ ತಪ್ಪಿಸುವಂತಿಲ್ಲ, ಬಿಸಿಲು 37 ಡಿಗ್ರಿ ದಾಟಿದ ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡುವಂತಿಲ್ಲ. ತಿಂಗಳಿಗೊಮ್ಮೆ ತಾಲ್ಲೂಕು ಪಶು ಆಸ್ಪತ್ರೆಗೆ ಕುದುರೆ ತಂದು ಸುತ್ತಳತೆ ಬರೆಸಬೇಕೆಂಬ ಷರತ್ತನ್ನೂ ಅದೇ ಹಾಳೆಯಲ್ಲಿ ಸೇರಿಸಬಹುದು. ಎರಡು ತಿಂಗಳು ಸತತವಾಗಿ ಅಳತೆ ಇಳಿದರೆ ಸೊಪ್ಪು ಕಳುಹಿಸಬೇಕಾದದ್ದು ಎಲ್ಲಿಗೆ ಎಂದು ಆ ಎರಡು ಅಂಕಿಗಳೇ ತಿಳಿಸುತ್ತವೆ.