ಒಡೆಯದ ಶಂಖ, ನಿಲ್ಲದ ತೇರು

ವಿಲಿಯಂ ಗೋಲ್ಡಿಂಗ್ 1954ರಲ್ಲಿ ಪ್ರಕಟಿಸಿದ ‘ಲಾರ್ಡ್ ಆಫ್ ದಿ ಫ್ಲೈಸ್’ನಲ್ಲಿ ದ್ವೀಪದ ಪಾಲಾದ ಹುಡುಗರಿಗೆ ಒಂದು ಶಂಖವೇ ಕಾನೂನು. ಅದು ಯಾರ ಕೈಯಲ್ಲಿದೆಯೋ ಅವನಿಗೆ ಸಭೆಯಲ್ಲಿ ಮಾತಾಡುವ ಹಕ್ಕು. ಬಂಡೆ ಉರುಳಿ ಪಿಗ್ಗಿ ಸಾಯುವಾಗ ಶಂಖವೂ ಪುಡಿಯಾಗುತ್ತದೆ, ಅಲ್ಲಿಗೆ ಸಭೆ ಮುಗಿಯಿತು. ಕನ್ನಡ ಕಾದಂಬರಿಯಲ್ಲೂ ಇಂಥ ವಸ್ತುಗಳಿಗೆ ಬರವಿಲ್ಲ. ಆದರೆ ನಮ್ಮವು ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ಅವು ಇದ್ದಲ್ಲೇ ಇರುತ್ತವೆ, ಸುತ್ತಲಿನ ಊರು ಸಡಿಲಾಗುತ್ತದೆ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಈ ದಾರಿಯ ಮೊದಲ ದೊಡ್ಡ ಗುರುತು. ಚೋಮನ ಹತ್ತಿರ ಎತ್ತುಗಳಿವೆ, ಉಳಲು ನೆಲವಿಲ್ಲ. ಹೊಲೆಯನಿಗೆ ನೆಲ ಕೊಡಬಾರದೆಂಬುದೇ ಅಲ್ಲಿನ ಕಟ್ಟಳೆ. ದುಡಿ ಬಾರಿಸುತ್ತಲೇ ಅವನು ಸಾಯುತ್ತಾನೆ, ಕಟ್ಟಳೆಗೆ ಕೂದಲೂ ಕೊಂಕುವುದಿಲ್ಲ. ಕಾರಂತರಿಗೆ ದುಡಿಯನ್ನು ಪ್ರತೀಕ ಮಾಡಬೇಕೆಂಬ ಹಟವಿದ್ದಂತೆ ಕಾಣುವುದಿಲ್ಲ. ಅದು ಗುಡಿಸಲಿನ ಸಾಮಾನು, ಅಷ್ಟೇ. ಅದಕ್ಕೇ ಅದು ಇವತ್ತಿಗೂ ಕೇಳಿಸುತ್ತದೆ.

ಹಟ ಬಂದದ್ದು ನವ್ಯರ ಕಾಲಕ್ಕೆ. ಎಲಿಯಟ್‌ನ ವಿಮರ್ಶೆಯಿಂದ ‘ವಸ್ತು ಪ್ರತಿರೂಪ’ ಎಂಬ ಮಾತು ಕನ್ನಡಕ್ಕೆ ಬಂದ ಮೇಲೆ ಬಾಗಿಲು ಕಂಡರೂ ಪ್ರತೀಕ, ಬಾವಿ ಕಂಡರೂ ಪ್ರತೀಕ ಎನ್ನುವ ಪಾಠಗಳು ಕಾಲೇಜುಗಳಲ್ಲಿ ಬಹಳ ದಿನ ನಡೆದವು. ಆ ಹಾವಳಿಯನ್ನು ಬದಿಗಿಟ್ಟು, 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಓದಬೇಕು. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಹೆಣ ಸುಡದೆ ಬಿದ್ದಿದೆ. ಸಂಸ್ಕಾರದ ಖರ್ಚಿಗೆಂದು ಅವನೊಡನೆ ಬಾಳಿದ ಚಂದ್ರಿ ಮೈಮೇಲಿನ ಬಂಗಾರ ತೆಗೆದಿಟ್ಟದ್ದೇ ತಡ, ಅಗ್ರಹಾರದ ಧರ್ಮಸಂಕಟ ಆಸೆಗೆ ತಿರುಗುತ್ತದೆ. ಆಮೇಲೆ ಇಲಿಗಳು ಸಾಯತೊಡಗಿ ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ. ಅವನ್ನು ಓಡಿಸಲು ಬ್ರಾಹ್ಮಣರು ಕೈಗೆತ್ತಿಕೊಳ್ಳುವುದು ಶಂಖ, ಜಾಗಟೆ! ದೂರದವರಿಗೆ ಮಂಗಳಾರತಿಯಂತೆ ಕೇಳಬಹುದಾದ ಸದ್ದು ಅದು. ಗೋಲ್ಡಿಂಗ್ ಶಂಖ ಒಡೆದು ಹೇಳಿದ್ದನ್ನು ಅನಂತಮೂರ್ತಿ ಹೊತ್ತಲ್ಲದ ಹೊತ್ತಿನಲ್ಲಿ ಶಂಖ ಊದಿಸಿ ಹೇಳಿದರು. ನನಗೆ ಎರಡನೆಯದೇ ಹೆಚ್ಚು ಭಯ ಹುಟ್ಟಿಸುತ್ತದೆ.

‘ಭಾರತೀಪುರ’ದ (1973) ಸಾಲಿಗ್ರಾಮ ಇದರ ಮುಂದುವರಿಕೆ. ಜಗನ್ನಾಥ ಅದನ್ನು ದೇವರಮನೆಯಿಂದ ಹೊರತಂದು ಹೊಲೆಯರು ಮುಟ್ಟಬೇಕೆಂದು ಹಟ ಹಿಡಿಯುತ್ತಾನೆ. ಕಲ್ಲಿಗೆ ಏನೂ ಆಗುವುದಿಲ್ಲ, ಆದರೆ ಮುಟ್ಟಿಸುವವನೊಳಗಿನ ಕ್ರೌರ್ಯ ಬಯಲಾಗುತ್ತದೆ. ಇಲ್ಲಿ ವಸ್ತು ಒಬ್ಬನ ಮನಸ್ಸಿನ ಸೊತ್ತು.

ಉತ್ತರದ ಸೀಮೆಯಲ್ಲಿ ಅದು ಊರಿನ ಸೊತ್ತು. ಕುಳಗೇರಿ ಕ್ರಾಸಿನಲ್ಲಿ ಹುಬ್ಬಳ್ಳಿಯ ಹೆದ್ದಾರಿ ಬಿಟ್ಟು ಬಾದಾಮಿಯ ಕಡೆ ಹೊರಳಿದರೆ ಬನಶಂಕರಿ. ಬನದ ಹುಣ್ಣಿಮೆಗೆ ಅಲ್ಲಿ ತೇರು ಎಳೆಯಬೇಕಾದರೆ ಹಗ್ಗ ಮಾಡಲಗೇರಿಯಿಂದ ಹಳಿಬಂಡಿಯ ಮೇಲೆ ಬರಬೇಕು. ಹಗ್ಗ ಯಾರದು, ಸನ್ನೆ ಹಾಕುವವರು ಯಾರು, ಮೊದಲ ಕಾಯಿ ಯಾರ ಮನೆತನದ್ದು? ಇಂಥ ಬಾಬುಗಳ ಲೆಕ್ಕವೇ ಈ ಭಾಗದ ಊರುಗಳ ಬರೆಯದ ಕಾನೂನು.

ಈ ಲೋಕವನ್ನು ಕಾದಂಬರಿಗೆ ತಂದವರಲ್ಲಿ ಜಮಖಂಡಿ ಕಡೆಯ ಹಿರೇಪಡಸಲಗಿಯ ರಾವಬಹಾದ್ದೂರರು ಮುಖ್ಯರು. ಅವರ ‘ಗ್ರಾಮಾಯಣ’ದಲ್ಲಿ (1957) ಬೀಳುವುದು ಪಾದಳ್ಳಿ ಎಂಬ ಇಡೀ ಊರು, ಬೇರೆ ಪ್ರತೀಕ ಅದಕ್ಕೆ ಬೇಕಾಗಿಲ್ಲ. ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ (1982) ದೇಸಗತಿಯ ವಾಡೆಯನ್ನು ಹಿಡಿಯುತ್ತದೆ. ದೊರೆತನ ಎಂದೋ ಟೊಳ್ಳಾಗಿದೆ, ಗೋಡೆಗಳು ಮಾತ್ರ ನಿಂತಿವೆ. ಒಳಗಿನ ಹೆಣ್ಣುಮಗಳ ಬದುಕು ಅವುಗಳ ನಡುವೆ ಸವೆಯುತ್ತದೆ. ಕಥೆ ನಮಗೆ ಗೊತ್ತಾಗುವುದು ಅರಮನೆಯ ದಾಖಲೆಯಿಂದಲ್ಲ, ಆಳಾಗಿದ್ದ ಶೀನಿಂಗವ್ವನ ಬಾಯಿಂದ. ಕುಂ. ವೀರಭದ್ರಪ್ಪನವರ ‘ಅರಮನೆ’ಯ ಹೆಸರೂ ಇದೇ ಸಾಲಿನದು.

ಈ ಇಡೀ ಪರಂಪರೆ ಗಟ್ಟಿಯಾಗಿ ಸೇರಿರುವುದು ರಾಘವೇಂದ್ರ ಪಾಟೀಲರ ‘ತೇರು’ ಕಾದಂಬರಿಯಲ್ಲಿ; 2005ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಧರಮನಟ್ಟಿಯ ವಿಠ್ಠಲನ ತೇರು ಮುಂದಕ್ಕೆ ಸರಿಯಲೊಲ್ಲದು. ಬಡ ಮನೆತನವೊಂದರ ಕೂಸು ಬಲಿಯಾದ ಮೇಲೆ ಗಾಲಿ ಉರುಳುತ್ತದೆ. ಆ ಮನೆತನಕ್ಕೆ ಭೂಮಿ ಸಿಗುತ್ತದೆ, ಜೊತೆಗೆ ವರ್ಷವರ್ಷವೂ ಹಣೆಯ ರಕ್ತದಿಂದ ತೇರಿಗೆ ತಿಲಕವಿಡುವ ಸೇವೆ. ಹೀಗೆ ಕೊಲೆ ಎಂಬುದು ಮಾನವಾಗಿ, ಉಂಬಳಿಯಾಗಿ, ಹಾಡಾಗಿ ಮೊಮ್ಮಕ್ಕಳ ತಲೆಗೆ ಬರುತ್ತದೆ. ಹೊಸ ಕಾಲದ ವಿಚಾರಗಳು ಊರು ಹೊಕ್ಕಾಗ ಆ ಹಣೆಯವರು ಏನು ಮಾಡಬೇಕು? ಸೇವೆ ಬಿಟ್ಟರೆ ಹೊಲದ ಋಣ ಕಾಡುತ್ತದೆ, ಮಾಡಿದರೆ ಸತ್ತ ಕೂಸು ಕಾಡುತ್ತದೆ. ತೇರಿಗೆ ಈ ಯಾವ ಗೊಡವೆಯೂ ಇಲ್ಲ.

ಆದರೆ ತೇರಿನ ಊರೇ ಮುಳುಗಿದರೆ? ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಒಂದು ಭಾಗವೂ ಸುತ್ತಲ ಹಳ್ಳಿಗಳೂ ಹೋದವು. ಪುನರ್ವಸತಿ ಕೇಂದ್ರಗಳಲ್ಲಿ ಪ್ಲಾಟು ಹಂಚಿದ್ದು ನಂಬರಿನ ಮೇಲೆ, ಓಣಿಯ ಮೇಲಲ್ಲ. ಅಂಥ ಊರಲ್ಲಿ ತೇರು ಯಾರ ಮನೆಯ ಮುಂದೆ ಮೊದಲು ನಿಲ್ಲಬೇಕೆಂಬ ಜಗಳವನ್ನು ಮುಂದಿನ ಕಾದಂಬರಿಕಾರ ಎತ್ತಿಕೊಳ್ಳಬಹುದು.