ಬಾಳೆಸಿಪ್ಪೆಯ ವಯಸ್ಸು

ಅಂಗಡಿಯೊಳಗೆ ಜಾರಿ ಬೀಳಬೇಕಾದರೆ ಮೊದಲು ಅಂಗಡಿಯ ಒಳಗೆ ಕಾಲಿಡಬೇಕು. ದಿನಸಿ ಕೊಳ್ಳುವವರಿಗೆ ಆ ಅವಕಾಶ ಸಿಕ್ಕಿ ಬಹಳ ಕಾಲವಾಗಿಲ್ಲ. ನಮ್ಮ ಶೆಟ್ಟರಂಗಡಿಗಳಲ್ಲಿ ಇವತ್ತಿಗೂ ಗಿರಾಕಿ ಹೊರಗೆ ನಿಂತು ಚೀಟಿ ಕೊಡುತ್ತಾನೆ, ಒಳಗಿನ ಹುಡುಗ ತೂಗಿ ಕಟ್ಟಿ ಕೊಡುತ್ತಾನೆ. ಎಣ್ಣೆ ಚೆಲ್ಲಿದರೆ ಜಾರುವವನು ಆ ಹುಡುಗನೇ. ಅಮೆರಿಕದಲ್ಲೂ ಇದೇ ಪದ್ಧತಿ ಇತ್ತು. 1916ರಲ್ಲಿ ಟೆನೆಸಿಯ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತನ್ನ ಪಿಗ್ಲಿ ವಿಗ್ಲಿ ಅಂಗಡಿ ತೆರೆದು, ಗಿರಾಕಿಗಳೇ ಸಾಲುಗಳ ನಡುವೆ ಓಡಾಡಿ ಬೇಕಾದ್ದನ್ನು ಎತ್ತಿಕೊಳ್ಳಲಿ ಎಂದ. 1930ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮೈಕೆಲ್ ಕಲನ್ ಅದನ್ನೇ ದೊಡ್ಡದು ಮಾಡಿ ಕಿಂಗ್ ಕಲನ್ ಎಂಬ ಸೂಪರ್‌ಮಾರ್ಕೆಟ್ ಕಟ್ಟಿದ. 1937ರಲ್ಲಿ ಒಕ್ಲಹಾಮಾ ನಗರದ ಸಿಲ್ವನ್ ಗೋಲ್ಡ್‌ಮನ್ ತಳ್ಳುಗಾಡಿ ಕೊಟ್ಟ. ಮಾರಾಟದ ಖರ್ಚು ಇಳಿಯಿತು, ವ್ಯಾಪಾರ ಏರಿತು. ಅದರ ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ನುರಿತ ಕೆಲಸಗಾರರು ಮಾಡುತ್ತಿದ್ದ ಎತ್ತುವ, ಇಳಿಸುವ, ಆರಿಸುವ ಕೆಲಸವೆಲ್ಲ ಅವಸರದ, ಮಕ್ಕಳನ್ನು ಜೊತೆಗೆ ಕರೆತಂದ, ಕಪಾಟಿನ ಮೇಲೇ ಕಣ್ಣಿಟ್ಟು ನಡೆಯುವ ಜನರ ಕೈಗೆ ಬಂತು. ನೆಲ ನೋಡಿ ನಡೆಯುವವರು ಅಲ್ಲಿ ಯಾರೂ ಉಳಿಯಲಿಲ್ಲ. ನೋಡಬಾರದೆಂದೇ ಕಪಾಟುಗಳನ್ನು ಹಾಗೆ ಜೋಡಿಸಲಾಗಿತ್ತು.

ಇಂದು ಅಂಗಡಿಗಳಲ್ಲಿ ತಿರುಗುವ ನೆಲ ಒರೆಸುವ ರೋಬಾಟ್‌ಗಳನ್ನು ಪೊರಕೆ ಮತ್ತು ಮಾಪಿನ ಮುಂದಿನ ತಲೆಮಾರು ಎಂದು ನೋಡುವುದು ರೂಢಿ. ಅವು ಅಂಗಡಿಯ ಗೋಡೆಗೆ ತೂಗುಹಾಕಿದ ಒಂದು ಕಾಗದದ ಹಾಳೆಯ ಮುಂದಿನ ತಲೆಮಾರೂ ಹೌದು ಎಂಬುದು ನನ್ನ ವಾದ. ಎಷ್ಟು ಗಂಟೆಗೆ ಗುಡಿಸಲಾಯಿತು, ಯಾರು ಗುಡಿಸಿದರು ಎಂದು ಬರೆದು ಸಹಿ ಹಾಕುವ ಹಾಳೆ ಅದು. ಅದು ಹುಟ್ಟಿದ್ದೇಕೆ ಎಂದು ತಿಳಿಯಲು ಬಾಳೆಹಣ್ಣಿನ ಸಿಪ್ಪೆಗಳ ಕಡೆ ತಿರುಗಬೇಕು. 1901ರಲ್ಲಿ ಮ್ಯಾಸಚೂಸೆಟ್ಸ್ ನ್ಯಾಯಾಲಯದ ಮುಂದೆ ರೈಲ್ವೆ ಪ್ಲಾಟ್‌ಫಾರಂನಲ್ಲಿ ಸಿಪ್ಪೆ ತುಳಿದು ಬಿದ್ದ ಪ್ರಯಾಣಿಕನ ದಾವೆ ಬಂತು. ನ್ಯಾಯಮೂರ್ತಿ ಹೋಮ್ಸ್ ಬರೆದ ತೀರ್ಪು ಕೆಲವೇ ಸಾಲಿನದು: ಇಳಿದು ಹೋಗುತ್ತಿದ್ದವರಲ್ಲಿ ಯಾರೋ ಒಂದು ನಿಮಿಷದ ಹಿಂದೆ ಅದನ್ನು ಎಸೆದಿರಬಹುದು, ಆದ್ದರಿಂದ ಕಂಪನಿಯ ತಪ್ಪಿಲ್ಲ. ಹತ್ತು ವರ್ಷದ ಬಳಿಕ, 1911ರಲ್ಲಿ, ಅದೇ ರಾಜ್ಯದ ಅದೇ ನ್ಯಾಯಾಲಯದಲ್ಲಿ ಬಾಸ್ಟನ್ ಎಲಿವೇಟೆಡ್ ರೈಲ್ವೆಯ ವಿರುದ್ಧ ಬಂದ ಮಹಿಳೆ ಗೆದ್ದಳು. ಆಕೆ ತುಳಿದ ಸಿಪ್ಪೆ ಕಪ್ಪಾಗಿತ್ತು, ಒಣಗಿತ್ತು, ಚಪ್ಪಟೆಯಾಗಿತ್ತು, ಮಣ್ಣು ಮೆತ್ತಿಕೊಂಡಿತ್ತು. ಅಂದರೆ ಅದು ಬಹಳ ಹೊತ್ತಿನಿಂದ ಅಲ್ಲೇ ಬಿದ್ದಿತ್ತು, ನೌಕರರು ನೋಡಬೇಕಿತ್ತು. ನೆಲ ಒದ್ದೆಯೇ, ಕೊಳೆಯೇ ಎಂಬುದು ಎರಡನೇ ಪ್ರಶ್ನೆಯಾಯಿತು. ಸಿಪ್ಪೆಯ ವಯಸ್ಸೆಷ್ಟು ಎಂಬುದೇ ಮೊದಲ ಪ್ರಶ್ನೆ.

ಈ ಲೆಕ್ಕ ಸೂಪರ್‌ಮಾರ್ಕೆಟ್‌ಗೆ ಬಂದಾಗ ವಿಚಿತ್ರವಾಯಿತು. 1968ರಲ್ಲಿ ದಕ್ಷಿಣ ಕ್ಯಾರೊಲಿನಾದ ಎ ಅಂಡ್ ಪಿ ಅಂಗಡಿಯೊಂದರಲ್ಲಿ ಬಾಳೆಹಣ್ಣಿನ ಮೇಲೆ ಜಾರಿದವನ ಪ್ರಕರಣ ಮೇಲ್ಮನವಿಗೆ ಹೋಯಿತು. ಹಣ್ಣು ಕಡು ಕಂದು ಬಣ್ಣಕ್ಕೆ ತಿರುಗಿತ್ತು, ಮರಳೂ ಮೆತ್ತಿತ್ತು. ಆದರೂ ಅದು ಅಲ್ಲಿ ಮೂವತ್ತು ಸೆಕೆಂಡಿನಿಂದ ಇತ್ತೋ ಮೂರು ದಿನದಿಂದ ಇತ್ತೋ ಹೇಳಲಾಗದು ಎಂದು ನ್ಯಾಯಾಲಯ ಅಂಗಡಿಯ ಪರ ನಿಂತಿತು. 35 ನಿಮಿಷಗಳಿಂದ ಗುಡಿಸಿರಲಿಕ್ಕಿಲ್ಲ ಎಂಬ ಸಾಕ್ಷ್ಯವೂ ವಾದಿಗೆ ನೆರವಾಗಲಿಲ್ಲ. ಬಣ್ಣ ನೋಡಿ ಹೊತ್ತು ಹೇಳುವುದು ಸೋತ ಮೇಲೆ ಉಳಿದದ್ದು ಪೊರಕೆಯ ದಾಖಲೆ: ಕೊನೆಯ ಸಲ ಈ ಸಾಲನ್ನು ಯಾರು, ಯಾವಾಗ ನೋಡಿದರು? ಬಿದ್ದವನ ಬಳಿ ಇದಕ್ಕೆ ಉತ್ತರ ಇರುವುದು ಸಾಧ್ಯವೇ ಇಲ್ಲ, ಇದ್ದರೆ ಅಂಗಡಿಯ ಬಳಿ ಮಾತ್ರ. ಈ ಅನ್ಯಾಯವನ್ನು ನ್ಯಾಯಾಲಯಗಳು ನಿಧಾನವಾಗಿ ಗುರುತಿಸಿದವು. ನಿಂತುಕೊಂಡೇ ತಿನ್ನುವ ಗಿರಾಕಿಗಳಿಗೆ ಮೇಣದ ಕಾಗದದ ಮೇಲೆ ಪಿಜ್ಜಾ ತುಂಡು ಮಾರುತ್ತಿದ್ದ ವುಲ್‌ವರ್ತ್ ಅಂಗಡಿಗೆ 1972ರಲ್ಲಿ ಕೊಲರಾಡೊ ನ್ಯಾಯಾಲಯ ಹೇಳಿದ್ದು ಇದನ್ನೇ: ಇಂಥ ವ್ಯಾಪಾರದಲ್ಲಿ ನೆಲಕ್ಕೆ ಬೀಳುವುದು ಖಚಿತ, ಆದ್ದರಿಂದ ಈ ತುಂಡು ಎಷ್ಟು ಹೊತ್ತಿನಿಂದ ಬಿದ್ದಿತ್ತೆಂದು ವಾದಿ ತೋರಿಸಬೇಕಾಗಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್‌ನ ಟೆಸ್ಕೊ ಅಂಗಡಿಯಲ್ಲಿ 1974ರಲ್ಲಿ ಚೆಲ್ಲಿದ ಮೊಸರಿನ ಮೇಲೆ ಜಾರಿದ ಮಹಿಳೆಗೆ ಸಿಕ್ಕಿದ್ದು 137 ಪೌಂಡ್ ಚಿಲ್ಲರೆ. ಮೊತ್ತ ಸಣ್ಣದು, ತೀರ್ಪು ದೊಡ್ಡದು. ದಿನಕ್ಕೆ ಐದಾರು ಬಾರಿ ಗುಡಿಸುತ್ತೇವೆ ಎಂಬ ಅಂಗಡಿಯ ಮಾತು ಸಾಲದು, ಆ ಹೊತ್ತಿಗೆ ತಕ್ಕ ಎಚ್ಚರ ವಹಿಸಿದ್ದೆವೆಂದು ಅಂಗಡಿಯೇ ತೋರಿಸಬೇಕು ಎಂದು ಬಹುಮತದ ನ್ಯಾಯಾಧೀಶರು ಹೇಳಿದರು. ಗೋಡೆಯ ಹಾಳೆಗೆ ಬೆಲೆ ಬಂದದ್ದು ಇಂಥ ತೀರ್ಪುಗಳಿಂದ. ಬೆಲೆ ಬಂದ ಕೂಡಲೇ, ಪಾಳಿ ಮುಗಿಯುವಾಗ ಒಂದೇ ಪೆನ್ನಿನಲ್ಲಿ ಎಂಟು ಸಹಿ ಹಾಕುವ ಅಭ್ಯಾಸಕ್ಕೂ ಅದು ದಾರಿ ಮಾಡಿಕೊಟ್ಟಿತು.

ಕಾನೂನು ಹೊತ್ತನ್ನು ಅಳೆಯುತ್ತಿದ್ದಾಗ ಎಂಜಿನಿಯರುಗಳು ನೆಲವನ್ನು ಅಳೆಯುತ್ತಿದ್ದರು. 1940ರ ದಶಕದಲ್ಲಿ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್‌ನ ಸಿಡ್ನಿ ಜೇಮ್ಸ್ ರೂಪಿಸಿದ ಯಂತ್ರ, ಪಾಲಿಶ್ ಮಾಡಿದ ನೆಲದ ಮೇಲೆ ಚರ್ಮದ ತುಂಡು ಯಾವಾಗ ಜಾರುತ್ತದೆಂದು ತೋರಿಸುತ್ತಿತ್ತು. ಘರ್ಷಣೆಯ ಪ್ರಮಾಣ 0.5 ಇದ್ದರೆ ಸುರಕ್ಷಿತ ಎಂಬ ಅಮೆರಿಕದ ರೂಢಿ ಅಲ್ಲಿಂದ ಬೆಳೆಯಿತು. ಪರ್ಸಿ ಸಿಗ್ಲರ್ ತಯಾರಿಸಿದ ಲೋಲಕದ ಉಪಕರಣ ಮುಂದೆ ಬ್ರಿಟನ್ನಿನ ರಸ್ತೆ ಪರೀಕ್ಷೆಗೂ ಬಳಕೆಯಾಯಿತು. ಈ ಅಳತೆಗಳಿಂದ ಸ್ಪಷ್ಟವಾದದ್ದು ಅಂಗಡಿಯವರಿಗೆ ಹಿತವಾದ ಸಂಗತಿಯಲ್ಲ. ನುಣುಪಾದ ನೆಲದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಸಾಕು, ಅಟ್ಟೆ ಮತ್ತು ನೆಲ ಒಂದನ್ನೊಂದು ಮುಟ್ಟದಂತಾಗುತ್ತದೆ. ಚೆನ್ನಾಗಿ ಹಿಂಡಿದ ಮಾಪು ಕೂಡ ಅಂಥ ಪದರ ಬಿಡುತ್ತದೆ ಎಂದು ಬ್ರಿಟನ್ನಿನ ಸುರಕ್ಷತಾ ಇಲಾಖೆ ಎಚ್ಚರಿಸುತ್ತಲೇ ಬಂದಿದೆ. ಹಗಲಲ್ಲಿ ಒರೆಸುವುದು ಅಪಾಯವನ್ನು ತೆಗೆಯುತ್ತದೆ, ಹೊಸದನ್ನೂ ಹುಟ್ಟಿಸುತ್ತದೆ. ನೀರು ಚಿಮುಕಿಸಿ, ಬ್ರಶ್ಶಿನಿಂದ ಉಜ್ಜಿ, ಹಿಂದಿನ ರಬ್ಬರ್ ಪಟ್ಟಿಯಿಂದ ಕೊಳೆನೀರನ್ನು ಎಳೆದುಕೊಳ್ಳುವ ಯಂತ್ರ ಈ ತೊಡಕಿಗೆ ಉತ್ತರವಾಗಿ ಬಂತು. ಆದರೆ ಆ ರಬ್ಬರ್ ಸವೆದಿದ್ದರೆ, ಅದರಲ್ಲಿ ಒಂದು ಬಟ್ಟೆಯ ಎಳೆ ಸಿಕ್ಕಿಕೊಂಡಿದ್ದರೆ, ಯಂತ್ರ ತಾನು ಹೋದ ದಾರಿಯುದ್ದಕ್ಕೂ ನೀರಿನ ಗೆರೆ ಎಳೆದುಕೊಂಡೇ ಹೋಗುತ್ತದೆ.

ಈ ಉಜ್ಜುವ ಯಂತ್ರಕ್ಕೇ ಕ್ಯಾಮೆರಾ, ಸಂವೇದಕ, ತಂತ್ರಾಂಶ ಸೇರಿಸಿದಾಗ ಇಂದಿನ ರೋಬಾಟ್ ಆಯಿತು. ಸ್ಯಾನ್ ಡಿಯಾಗೊದ ಬ್ರೇನ್ ಕಾರ್ಪ್ ಕಂಪನಿಯ ತಂತ್ರಾಂಶವಿರುವ ಯಂತ್ರಗಳನ್ನು ವಾಲ್‌ಮಾರ್ಟ್ ಮೊದಲು ನೂರರ ಲೆಕ್ಕದಲ್ಲಿ ತರಿಸಿಕೊಂಡಿತು, 2019ರ ಏಪ್ರಿಲ್‌ನಲ್ಲಿ ಇನ್ನೂ 1,500 ಇಳಿಸುವುದಾಗಿ ಹೇಳಿತು. ಒಬ್ಬ ನೌಕರ ಒಮ್ಮೆ ಓಡಿಸಿ ದಾರಿ ಕಲಿಸಿದರೆ ಮುಂದೆ ಅದು ತಾನೇ ಹೋಗುತ್ತದೆ. ಅದೇ ವರ್ಷದ ಜನವರಿಯಲ್ಲಿ ಅಹೋಲ್ಡ್ ಡೆಲ್ಹೇಸ್ ಸಮೂಹ ತನ್ನ ಜೈಂಟ್ ಮತ್ತು ಸ್ಟಾಪ್ ಅಂಡ್ ಶಾಪ್ ಅಂಗಡಿಗಳಿಗೆ ಸುಮಾರು 500 ‘ಮಾರ್ಟಿ’ಗಳನ್ನು ಘೋಷಿಸಿತು. ಎತ್ತರದ ಬೂದು ಕಂಬಕ್ಕೆ ಗೊಂಬೆಯ ಕಣ್ಣು ಅಂಟಿಸಿದ ಈ ಮಾರ್ಟಿ ಏನನ್ನೂ ಒರೆಸುವುದಿಲ್ಲ. ಚೆಲ್ಲಿದ್ದನ್ನು ಕಂಡರೆ ಅಲ್ಲೇ ನಿಂತು ಕೂಗುತ್ತದೆ. ಜನ ಅದನ್ನು ನೋಡಿ ನಕ್ಕರು, ಆದರೆ ಅಪಘಾತ ತಡೆಯುವ ದೃಷ್ಟಿಯಿಂದ ನನಗೆ ಮಾರ್ಟಿಯೇ ಹೆಚ್ಚು ಅರ್ಥಪೂರ್ಣ. ಉಜ್ಜುವ ರೋಬಾಟ್ ನಿಗದಿತ ಹೊತ್ತಿಗೆ ನಿಗದಿತ ದಾರಿಯಲ್ಲಿ ಹೋಗುತ್ತದೆ. ಎಣ್ಣೆ ಸೀಸೆ ಒಡೆಯುವುದು ಅದು ಹೋದ ಹತ್ತು ನಿಮಿಷದ ಮೇಲೆ. ನೂರು ವರ್ಷದ ತೀರ್ಪುಗಳು ಬೆರಳಿಟ್ಟು ತೋರಿಸಿದ ಜಾಗ ಆ ಹತ್ತು ನಿಮಿಷವೇ.

ರಾತ್ರಿಯ ತೊಳೆತವೇನು ಕಡಿಮೆಯೇ ಎಂದು ಕೇಳಬಹುದು. ಕಡಿಮೆಯಲ್ಲ. ಜಿಡ್ಡು ಮತ್ತು ಸಾಬೂನಿನ ಉಳಿಕೆ ಪದರಗಟ್ಟಿದ ನೆಲ ಒಣಗಿದ್ದಾಗಲೂ ಹಿಡಿತ ಕೊಡದು, ದಿನವೂ ಒಂದೇ ಪ್ರಮಾಣದಲ್ಲಿ ಉಜ್ಜುವುದರಲ್ಲಿ ಯಂತ್ರ ದಣಿದ ಮನುಷ್ಯನಿಗಿಂತ ಮೇಲು. ಬಾಗಿಲಲ್ಲಿ ಉದ್ದನೆಯ ಕಾಲೊರಸು, ಒರಟು ಹಾಸುಗಲ್ಲು, ಸೋರದ ಪೊಟ್ಟಣ ಇವು ಯಾವ ರೋಬಾಟ್‌ಗಿಂತಲೂ ಅಗ್ಗವಾಗಿ ಹೆಚ್ಚು ಕೆಲಸ ಮಾಡುತ್ತವೆ ಎಂಬ ಆಕ್ಷೇಪವನ್ನೂ ಒಪ್ಪುತ್ತೇನೆ; ಹೊಳೆಯುವ ನೆಲವೇ ಸ್ವಚ್ಛತೆಯ ಗುರುತು ಎಂಬ ಹಟವನ್ನು ಅಂಗಡಿಗಳು ಬಿಡದಿರುವುದರಿಂದಲೇ ಅರ್ಧ ತೊಂದರೆ. ಒಪ್ಪಲಾಗದ್ದು ಇನ್ನೊಂದು ವಾದ: ಇದೆಲ್ಲ ವಕೀಲರಿಂದ ಪಾರಾಗಲು ಹೂಡಿದ ಆಟ, ಸುರಕ್ಷತೆಗೂ ಇದಕ್ಕೂ ಸಂಬಂಧವಿಲ್ಲ ಎನ್ನುವುದು. ಅಂಗಡಿಗಳಲ್ಲಿ ಗಂಟೆಗೊಮ್ಮೆ ಗುಡಿಸುವ ಪದ್ಧತಿಗೆ ಬಲ ಬಂದದ್ದು ದಾವೆಯ ಭಯದಿಂದ. ಭಯದಿಂದ ಗುಡಿಸಿದ ನೆಲವೂ ಗುಡಿಸಿದ ನೆಲವೇ.

ಆ ಭಯ ಯಾರ ಕಡೆಗೆ ವಾಲುತ್ತದೆ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಫ್ಲಾರಿಡಾದ ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಪುರಾವೆಯ ಹೊಣೆಯನ್ನು ಅಂಗಡಿಗಳ ಮೇಲೆ ಹಾಕಿತು. 2010ರ ಕಾನೂನು ಅದನ್ನು ಬಿದ್ದವರ ಮೇಲೆ ಮರಳಿಸಿತು. ಅಲ್ಲಿ ಈಗ ವಾದಿ, ಅಂಗಡಿಗೆ ತಿಳಿದಿತ್ತು ಅಥವಾ ತಿಳಿದಿರಬೇಕಿತ್ತು ಎಂದು ತೋರಿಸಬೇಕು. ಕಾಗದದ ಹಾಳೆಯ ಕಾಲದಲ್ಲಿ ಇದು ಬೆಟ್ಟ ಹತ್ತುವ ಕೆಲಸ. ರೋಬಾಟ್‌ನ ಕಾಲದಲ್ಲಿ ಕ್ಯಾಮೆರಾ 10.12ಕ್ಕೆ ಚೆಲ್ಲಿದ್ದನ್ನು ಕಂಡು ದಾಖಲಿಸಿ, ಮಾಪು 10.30ಕ್ಕೆ ಬಂದರೆ, ನಡುವೆ ಬಿದ್ದವರಿಗೆ ಬೇಕಾದ ಸಾಕ್ಷ್ಯವನ್ನು ಅಂಗಡಿಯ ಯಂತ್ರವೇ ಸೆಕೆಂಡಿನ ಲೆಕ್ಕದಲ್ಲಿ ಬರೆದಿಟ್ಟಿರುತ್ತದೆ. ಪಾಳಿಯ ಕೊನೆಯಲ್ಲಿ ಎಂಟು ಸಹಿ ಹಾಕುವ ದಾರಿಯೂ ಮುಚ್ಚುತ್ತದೆ.

ಹಾಗಾಗಿ ಎಲ್ಲವೂ ಆ ಹದಿನೆಂಟು ನಿಮಿಷದಲ್ಲಿ ಯಾರು ಬರುತ್ತಾರೆ ಎಂಬುದರ ಮೇಲೆ ನಿಂತಿದೆ. 2019ರ ಏಪ್ರಿಲ್‌ನಲ್ಲಿ ಸ್ಟಾಪ್ ಅಂಡ್ ಶಾಪ್‌ನ 31,000 ನೌಕರರು ನ್ಯೂ ಇಂಗ್ಲೆಂಡಿನಲ್ಲಿ ಮುಷ್ಕರ ಹೂಡಿದರು. ಸಂಬಳ, ಆರೋಗ್ಯ ವಿಮೆ, ಪಿಂಚಣಿ ಅವರ ಮುಖ್ಯ ತಕರಾರು. ಮಾರ್ಟಿಯ ಮೇಲೂ ಸಿಟ್ಟಿತ್ತು. ಆ ಸಿಟ್ಟನ್ನು ಯಂತ್ರದ್ವೇಷವೆಂದು ತಳ್ಳಿಹಾಕುವುದು ಸುಲಭ. ಆದರೆ ಮಾರ್ಟಿ ಕೂಗಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು, ಸಾಲು ಹುಡುಕಿಕೊಂಡು ಹೋಗಿ, ಒರೆಸಿ, ಒಣಗುವವರೆಗೆ ಹಳದಿ ಫಲಕ ಇಟ್ಟು ಕಾಯಬೇಕಾದವರು ಅವರೇ. ಕೂಗುವ ಕಂಬಕ್ಕೆ ಖರ್ಚು ಮಾಡಿದ ಅಂಗಡಿ, ಆ ಕೂಗಿಗೆ ಓಗೊಡುವವರನ್ನು ಹಗಲಿನ ಪಾಳಿಯಲ್ಲಿ ಹೆಚ್ಚಿಸಿತೇ ಎಂದು ಕೇಳುವ ಹಕ್ಕು ಅವರಿಗಿತ್ತು.